ಸಾಕಿದ ಫಿಂಚ್ ಮತ್ತು ಬೆಳವಗಳಿಗೆ ಕಾಯಿಲೆಯಾದಾಗ: ಮನೆಯಲ್ಲಿ ಮಾಡಬೇಕಾದ ಶುಶ್ರೂಷೆ

ಹಕ್ಕಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಬಯಲಿನಲ್ಲಿ ನಿತ್ರಾಣವಾಗಿ ಕುಳಿತ ಹಕ್ಕಿಯ ಮೇಲೆಯೇ ಗಿಡುಗನ ಕಣ್ಣು ಮೊದಲು ಬೀಳುವುದರಿಂದ, ಮೈಯಲ್ಲಿ ತ್ರಾಣ ಇರುವಷ್ಟು ಹೊತ್ತು ಅದು ಆರೋಗ್ಯವಾಗಿರುವಂತೆಯೇ ನಡೆದುಕೊಳ್ಳುತ್ತದೆ. ಪಂಜರದಲ್ಲಿ ಹುಟ್ಟಿ ಬೆಳೆದ ಹಕ್ಕಿಯಲ್ಲಿಯೂ ಈ ಸ್ವಭಾವ ಉಳಿದಿದೆ. ಆದ್ದರಿಂದ ‘ನಿನ್ನೆಯವರೆಗೂ ಚೆನ್ನಾಗಿತ್ತು, ಬೆಳಿಗ್ಗೆ ನೋಡಿದರೆ ಸತ್ತುಹೋಗಿತ್ತು’ ಎಂಬ ಮಾತನ್ನು ಹಕ್ಕಿ ಸಾಕಿದ ಮನೆಗಳಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ನಿಜವಾಗಿ ಆ ಹಕ್ಕಿ ಹಲವು ದಿನಗಳಿಂದ ಕಾಯಿಲೆಯಲ್ಲಿದ್ದು, ಅದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಕಾಯಿಲೆ ಕಣ್ಣಿಗೆ ಬಿದ್ದ ಗಳಿಗೆಯಿಂದ ಪಶುವೈದ್ಯರನ್ನು ತಲುಪುವವರೆಗಿನ ಕೆಲವು ಗಂಟೆಗಳಲ್ಲಿ ಮನೆಯವರು ಏನು ಮಾಡುತ್ತಾರೆ ಎಂಬುದರ ಮೇಲೆ ಆ ಜೀವದ ಅಳಿವು ಉಳಿವು ನಿಂತಿರುತ್ತದೆ. ಆ ಗಂಟೆಗಳಲ್ಲಿ ಅನುಸರಿಸಬೇಕಾದ ಕ್ರಮ ಇಷ್ಟೇ: ಮೊದಲು ಬಿಸುಪು, ಅನಂತರ ನೀರು, ಅನಂತರ ಆಹಾರ. ಔಷಧವನ್ನು ವೈದ್ಯರಿಗೆ ಬಿಡಬೇಕು. ಈ ಕ್ರಮ ಏಕೆ ಹೀಗಿದೆ ಎಂಬುದನ್ನು ಮುಂದೆ ವಿವರಿಸಲಾಗಿದೆ.

ಯಾವ ಹಕ್ಕಿಗಳ ಬಗ್ಗೆ ಈ ಲೇಖನ

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಸಾಕುವ ಫಿಂಚ್‌ಗಳೆಂದರೆ ಜೀಬ್ರಾ ಫಿಂಚ್ ಮತ್ತು ಬೆಂಗಾಲಿ ಫಿಂಚ್. ಬೆಳವಗಳಲ್ಲಿ ಆಸ್ಟ್ರೇಲಿಯಾ ಮೂಲದ ಪುಟ್ಟ ಡೈಮಂಡ್ ಡವ್ ಮತ್ತು ಕತ್ತಿನ ಹಿಂದೆ ಕಪ್ಪು ಪಟ್ಟಿಯಿರುವ ಸಾಕು ಬೆಳವ ಹಾಗೂ ಅದರ ಬಿಳಿ ತಳಿ ಹೆಚ್ಚು ಕಾಣುತ್ತವೆ. ಜೀಬ್ರಾ ಫಿಂಚ್ ಸುಮಾರು 12 ಗ್ರಾಂ ತೂಗಿದರೆ ಸಾಕು ಬೆಳವ ಸುಮಾರು 150 ಗ್ರಾಂ ತೂಗುತ್ತದೆ. ಈ ತೂಕಗಳನ್ನು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಬಹಳಷ್ಟು ಎಚ್ಚರಿಕೆಗಳಿಗೆ ಇವೇ ಕಾರಣ.

ನಮ್ಮ ನಾಡಿನ ರಾಟವಾಳ, ಗಿಳಿ, ಚುಕ್ಕೆ ಬೆಳವ ಮೊದಲಾದ ಹಕ್ಕಿಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಾಯಗೊಂಡ ಅಂತಹ ಹಕ್ಕಿ ಸಿಕ್ಕಿದರೆ ಇಲ್ಲಿ ಹೇಳಿದ ಪ್ರಥಮ ಶುಶ್ರೂಷೆ ಮಾಡಿ, ತಡಮಾಡದೆ ಅರಣ್ಯ ಇಲಾಖೆಗೆ ಅಥವಾ ವನ್ಯಜೀವಿ ಆರೈಕೆ ಕೇಂದ್ರಕ್ಕೆ ಒಪ್ಪಿಸಬೇಕು.

ಕಾಯಿಲೆಯನ್ನು ಗುರುತಿಸುವುದು ಹೇಗೆ

ದಿನವೂ ಬೆಳಿಗ್ಗೆ ಎರಡು ನಿಮಿಷ, ಪಂಜರದಿಂದ ಸ್ವಲ್ಪ ದೂರ ನಿಂತು ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು. ಹತ್ತಿರ ಹೋದ ಕೂಡಲೇ ಹಕ್ಕಿ ಮೈ ಬಿಗಿಮಾಡಿಕೊಂಡು ಚುರುಕಾಗಿರುವಂತೆ ತೋರಿಸಿಕೊಳ್ಳುವುದರಿಂದ ದೂರದ ನೋಟವೇ ನಿಜ ಹೇಳುತ್ತದೆ. ಗಮನಿಸಬೇಕಾದ ಗುರುತುಗಳು ಇವು:

- ಹಗಲಿನಲ್ಲಿ ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ ಕೂರುವುದು.
- ಕಡ್ಡಿಯ ಮೇಲೆ ಕೂರಲಾರದೆ ಪಂಜರದ ನೆಲಕ್ಕಿಳಿಯುವುದು. ಫಿಂಚ್‌ಗಳಲ್ಲಿ ಇದು ಗಂಭೀರ ಲಕ್ಷಣ.
- ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುವುದು, ಬಾಯಿ ತೆರೆದು ಉಸಿರಾಡುವುದು, ಉಸಿರಿನಲ್ಲಿ ಟಿಕ್ ಟಿಕ್ ಎಂಬ ಸದ್ದು.
- ಹಾಡು ಅಥವಾ ಗೂಗುಟ್ಟುವಿಕೆ ನಿಂತುಹೋಗುವುದು.
- ಎದೆಯ ನಡುವಿನ ಮೂಳೆ ಕತ್ತಿಯ ಅಲಗಿನಂತೆ ಕೈಗೆ ತಾಗುವುದು.

ಹಿಕ್ಕೆಯೂ ಬಹಳಷ್ಟು ಹೇಳುತ್ತದೆ. ಪಂಜರದ ತಳಕ್ಕೆ ಬಿಳಿ ಕಾಗದ ಹಾಸಿದರೆ ನೋಡುವುದು ಸುಲಭ. ಆರೋಗ್ಯವಂತ ಹಕ್ಕಿಯ ಹಿಕ್ಕೆಯಲ್ಲಿ ಗಟ್ಟಿಯಾದ ಕಡುಬಣ್ಣದ ಭಾಗ, ಬಿಳಿಯ ಭಾಗ ಮತ್ತು ಸ್ವಲ್ಪ ತಿಳಿನೀರು ಎಂಬ ಮೂರು ಅಂಶಗಳಿರುತ್ತವೆ. ಸ್ವಲ್ಪವೇ ಇರುವ ಕಡು ಹಸಿರು ಹಿಕ್ಕೆ ಹಕ್ಕಿ ಏನೂ ತಿಂದಿಲ್ಲ ಎನ್ನುವುದರ ಸೂಚನೆ. ಇಡೀ ಕಾಳು ಹಾಗೆಯೇ ಹೊರಬಂದರೆ ಹೊಟ್ಟೆಯ ತೊಂದರೆ ಇದೆ ಎಂದು ತಿಳಿಯಬೇಕು. ಡಾಂಬರಿನಂತೆ ಕಪ್ಪಾಗಿದ್ದರೆ ಒಳಗೆ ರಕ್ತಸ್ರಾವವಾಗುತ್ತಿರಬಹುದು.

ಇಲ್ಲಿ ಮನೆಯವರು ಮೋಸಹೋಗುವ ಒಂದು ವಿಷಯವಿದೆ. ಫಿಂಚ್ ಕಾಳಿನ ಸಿಪ್ಪೆ ಬಿಡಿಸಿ ತಿರುಳನ್ನಷ್ಟೇ ನುಂಗುತ್ತದೆ. ಉಳಿದ ಹೊಟ್ಟು ಬಟ್ಟಲಿನ ಮೇಲೆಯೇ ನಿಲ್ಲುವುದರಿಂದ ಬಟ್ಟಲು ತುಂಬಿರುವಂತೆ ಕಾಣುತ್ತದೆ, ಕೆಳಗೆ ಕಾಳೇ ಇರುವುದಿಲ್ಲ. ಇಷ್ಟು ಚಿಕ್ಕ ಹಕ್ಕಿ ಒಂದು ದಿನ ಪೂರ್ತಿ ಉಪವಾಸ ಬಿದ್ದರೆ ಬದುಕುವುದೇ ಕಷ್ಟ. ದಿನವೂ ಹೊಟ್ಟನ್ನು ಊದಿ ತೆಗೆದು, ಕಾಳು ಇದೆಯೇ ಎಂದು ನೋಡಬೇಕು. ಗ್ರಾಂ ಲೆಕ್ಕ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿಯೊಂದು ಮನೆಯಲ್ಲಿದ್ದರೆ ವಾರಕ್ಕೊಮ್ಮೆ ತೂಕ ಬರೆದಿಡಬಹುದು. ಹತ್ತರಲ್ಲಿ ಒಂದು ಪಾಲು ತೂಕ ಇಳಿದರೆ ಹೊರಗೆ ಬೇರೆ ಲಕ್ಷಣ ಕಾಣದಿದ್ದರೂ ವೈದ್ಯರಿಗೆ ತೋರಿಸಬೇಕು.

ಮೊದಲು ಬಿಸುಪು

ಹಕ್ಕಿಯ ಮೈಶಾಖ ಸುಮಾರು 40ರಿಂದ 42 ಡಿಗ್ರಿ ಸೆಲ್ಸಿಯಸ್. ಮೈ ಚಿಕ್ಕದಾದಷ್ಟೂ ಶಾಖ ಬೇಗ ಸೋರಿಹೋಗುತ್ತದೆ. ಕಾಯಿಲೆಯ ಹಕ್ಕಿ ಸರಿಯಾಗಿ ತಿನ್ನದೆ, ಇದ್ದ ಶಕ್ತಿಯನ್ನೆಲ್ಲ ಮೈ ಬಿಸಿಯಾಗಿಟ್ಟುಕೊಳ್ಳಲು ಖರ್ಚು ಮಾಡುತ್ತದೆ. ಪುಕ್ಕ ಉಬ್ಬಿಸುವುದು ಅದಕ್ಕಾಗಿಯೇ. ಹೊರಗಿನಿಂದ ಬಿಸುಪು ಸಿಕ್ಕಿದರೆ ಆ ಶಕ್ತಿ ರೋಗದೊಡನೆ ಹೋರಾಡಲು ಉಳಿಯುತ್ತದೆ.

ಗಾಳಿಯಾಡಲು ತೂತುಗಳಿರುವ ರಟ್ಟಿನ ಪೆಟ್ಟಿಗೆ ಅಥವಾ ಮೂರು ಕಡೆ ಬಟ್ಟೆ ಹೊದಿಸಿದ ಚಿಕ್ಕ ಪಂಜರ ಇದಕ್ಕೆ ಸಾಕು. ತಳಕ್ಕೆ ಕಾಗದ ಹಾಸಬೇಕು. ಮರಳು, ಮರದ ಹೊಟ್ಟು ಬೇಡ. ಎಳೆ ಬಿಟ್ಟ ಟವೆಲ್ ಕೂಡ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಬದಿಗೆ ಮಾತ್ರ ಇಡಬೇಕು. ಇನ್ನೊಂದು ಬದಿ ತಂಪಾಗಿಯೇ ಇರಲಿ. ಹಕ್ಕಿ ತನಗೆ ಬೇಕಾದ ಕಡೆ ಸರಿದುಕೊಳ್ಳುತ್ತದೆ. ಬಿಸಿ ಬದಿಯಲ್ಲಿ 29ರಿಂದ 32 ಡಿಗ್ರಿ ಇದ್ದರೆ ಸರಿ. ಹಳೆಯ ಮಾದರಿಯ 40 ವ್ಯಾಟ್ ಬಲ್ಬನ್ನು ಪೆಟ್ಟಿಗೆಯ ಹೊರಗೆ, ರಟ್ಟಿಗೆ ತಾಗದಂತೆ ಇಟ್ಟೂ ಬಿಸುಪು ಕೊಡಬಹುದು. ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆಯೇ ಹೊರತು ಸಾಕಷ್ಟು ಶಾಖ ಬರುವುದಿಲ್ಲ. ದೀಪಕ್ಕೆ ಹುಳುಗಳು ಮುತ್ತುವ ಮಳೆಗಾಲದ ರಾತ್ರಿಗಳಲ್ಲಿ ಬಿಸಿನೀರಿನ ಬಾಟಲಿಯೇ ಮೇಲು. ಅದನ್ನು ಎರಡು ಮೂರು ಗಂಟೆಗೊಮ್ಮೆ ಬದಲಿಸುತ್ತಿರಬೇಕು.

ಹವೆ ನೋಡಿಕೊಂಡು ನಡೆಯಬೇಕು. ಜಡಿಮಳೆಯ ಹುಂಚದಲ್ಲೋ ಕಾರ್ಕಳದಲ್ಲೋ ಬೇಕಾಗುವ ಬಿಸುಪು ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಬೇಕಿಲ್ಲ. ಹಕ್ಕಿ ಬಾಯಿ ತೆರೆದು, ರೆಕ್ಕೆಯನ್ನು ಮೈಯಿಂದ ದೂರ ಹಿಡಿದುಕೊಂಡರೆ ಸೆಕೆ ಹೆಚ್ಚಾಗಿದೆ ಎಂದರ್ಥ. ಕೂಡಲೇ ಶಾಖ ಕಡಿಮೆ ಮಾಡಬೇಕು.

ಪೆಟ್ಟಿಗೆಗೆ ಸೇರಿಸಲು ಹಕ್ಕಿಯನ್ನು ಹಿಡಿಯುವಾಗ ಎದೆಯನ್ನು ಅದುಮಬಾರದು. ಹಕ್ಕಿಗೆ ನಮ್ಮಂತೆ ವಪೆ ಇಲ್ಲ. ಎದೆಗೂಡು ಮುಂದೆ ಹಿಂದೆ ಚಲಿಸಿದರೆ ಮಾತ್ರ ಉಸಿರಾಡಲು ಸಾಧ್ಯ. ಬಿಗಿಯಾಗಿ ಹಿಡಿದರೆ ಕೈಯಲ್ಲಿಯೇ ಉಸಿರುಕಟ್ಟುತ್ತದೆ. ಕೋಣೆಯ ದೀಪ ಆರಿಸಿ, ಮೆತ್ತನೆಯ ಬಟ್ಟೆ ಹಾಕಿ, ರೆಕ್ಕೆಗಳು ಮೈಗೆ ಅಂಟುವಂತೆ ಹಗುರವಾಗಿ ಎತ್ತಬೇಕು. ಬೆಳವಗಳು ಗಾಬರಿಯಾದರೆ ಹಿಡಿದ ಕಡೆಯ ಗರಿಗಳನ್ನು ಉದುರಿಸಿಬಿಡುತ್ತವೆ. ಇದರಿಂದ ಹೆದರಬೇಕಾಗಿಲ್ಲ, ಗರಿ ಮತ್ತೆ ಬರುತ್ತದೆ.

ಫಿಂಚ್ ಗುಂಪಿನ ಹಕ್ಕಿ, ಒಂಟಿಯಾದರೆ ಕುಗ್ಗುತ್ತದೆ. ರೋಗ ಹರಡದಂತೆ ಪಂಜರ ಬೇರೆ ಮಾಡಬೇಕು, ಆದರೆ ಜೊತೆಗಾರನ ದನಿ ಕೇಳಿಸುವಷ್ಟು ಹತ್ತಿರದಲ್ಲಿರಲಿ.

ಅನಂತರ ನೀರು

ಬಾಯಿ ತೆರೆದು ನೀರು ಸುರಿಯುವುದು ಮನೆಗಳಲ್ಲಿ ಪ್ರೀತಿಯಿಂದಲೇ ಆಗುವ ಅಪಾಯ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲಿಯೇ ಇರುತ್ತದೆ. ಸುರಿದ ನೀರು ನೇರವಾಗಿ ಶ್ವಾಸಕೋಶಕ್ಕೆ ಹೋಗಬಹುದು. ಫಿಂಚ್‌ಗೆ ಕೊಕ್ಕಿನ ಪಕ್ಕಕ್ಕೆ ಒಂದೇ ಒಂದು ಹನಿ ತಾಗಿಸಿ, ಅದು ನುಂಗಿದ ಮೇಲೆ ಇನ್ನೊಂದು ಹನಿ ಕೊಡಬೇಕು. ಬೆಳವ ಮತ್ತು ಪಾರಿವಾಳಗಳು ಕೊಕ್ಕನ್ನು ನೀರಿನಲ್ಲಿ ಮುಳುಗಿಸಿ ಹೀರುತ್ತವೆ. ಆದ್ದರಿಂದ ಅವುಗಳಿಗೆ ಎರಡು ಸೆಂಟಿಮೀಟರಿನಷ್ಟು ಆಳದ ಚಿಕ್ಕ ಬಟ್ಟಲಿನಲ್ಲಿ ಉಗುರುಬೆಚ್ಚಗಿನ ನೀರಿಟ್ಟು, ಮೂಗಿನ ಹೊಳ್ಳೆ ಮುಳುಗದಂತೆ ಕೊಕ್ಕಿನ ತುದಿಯನ್ನು ಅದ್ದಿ ತೋರಿಸಬೇಕು. ತಲೆ ಎತ್ತಲಾರದಷ್ಟು ಸೋತ ಹಕ್ಕಿಗೆ ಬಾಯಿಯ ಮೂಲಕ ಏನನ್ನೂ ಕೊಡಬಾರದು; ಅದಕ್ಕೆ ವೈದ್ಯರೇ ಸೂಜಿಯ ಮೂಲಕ ದ್ರವ ಕೊಡಬೇಕಾಗುತ್ತದೆ.

ಭೇದಿಯಾಗುತ್ತಿದ್ದರೆ ಔಷಧದ ಅಂಗಡಿಯ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕಲಸಿ ಮೊದಲ ದಿನ ಇಡಬಹುದು. ಉಳಿದದ್ದನ್ನು ಮರುದಿನಕ್ಕೆ ಇಟ್ಟುಕೊಳ್ಳಬಾರದು. ನಮ್ಮ ಮನೆಗಳಲ್ಲಿ ಬಳಸುವ ಸೋಸಿ, ಕಾಯಿಸಿ, ಆರಿಸಿದ ನೀರೇ ಹಕ್ಕಿಗೂ ಉತ್ತಮ. ಹಾಲು ಬೇಡ. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಹಕ್ಕಿಗಳಿಗಿಲ್ಲದ ಕಾರಣ ಹಾಲು, ಹಾಲಿನಲ್ಲಿ ನೆನೆಸಿದ ಬ್ರೆಡ್ ಭೇದಿಯನ್ನು ಹೆಚ್ಚಿಸುತ್ತವೆ.

ಆಮೇಲೆ ಆಹಾರ

ಮೈ ಬಿಸಿಯಾಗಿ, ನೀರು ಒಳಗೆ ಹೋದ ಮೇಲೆಯೇ ಆಹಾರ. ತಣ್ಣಗಾದ, ನೀರು ಬತ್ತಿದ ಮೈಯಲ್ಲಿ ಜೀರ್ಣಶಕ್ತಿ ನಿಂತಿರುತ್ತದೆ. ಆಗ ತುರುಕಿದ ಕಾಳು ಕುತ್ತಿಗೆಯ ಬುಡದ ಚೀಲದಲ್ಲಿಯೇ ಹುಳಿತು ವಿಷವಾಗುತ್ತದೆ.

ಕಾಳು ಮತ್ತು ನೀರಿನ ಬಟ್ಟಲುಗಳನ್ನು ನೆಲದ ಮೇಲೆ, ಹಕ್ಕಿಯ ಎದುರಿನಲ್ಲಿಯೇ ಇಡಬೇಕು. ಕೂರುವ ಕಡ್ಡಿಯನ್ನು ನೆಲದಿಂದ ಎರಡು ಬೆರಳಿನಷ್ಟು ಎತ್ತರಕ್ಕೆ ಇಳಿಸಬೇಕು. ಫಿಂಚ್‌ಗೆ ನವಣೆ, ಸಾಮೆ, ಬರಗು ಹಿಡಿಸುತ್ತವೆ. ನವಣೆಯ ತೆನೆಯನ್ನೇ ಇಟ್ಟರೆ ಬೇರೇನೂ ತಿನ್ನದ ಹಕ್ಕಿಯೂ ಕುಕ್ಕುತ್ತದೆ. ಬೆಳವಗಳು ಕಾಳನ್ನು ಇಡಿಯಾಗಿ ನುಂಗುತ್ತವೆ. ಅವುಗಳಿಗೆ ಸಜ್ಜೆ, ನುಚ್ಚು ಮಾಡಿದ ಜೋಳ ಮತ್ತು ಗೋಧಿ ಕೊಡಬಹುದು. ಹಕ್ಕಿ ಕತ್ತಲಲ್ಲಿ ತಿನ್ನುವುದಿಲ್ಲವಾದ್ದರಿಂದ ಕಾಯಿಲೆಯ ದಿನಗಳಲ್ಲಿ ಹನ್ನೆರಡರಿಂದ ಹದಿನಾಲ್ಕು ಗಂಟೆ ಬೆಳಕು ಸಿಗುವಂತೆ ನೋಡಿಕೊಳ್ಳಬೇಕು.

ಫಿಂಚ್‌ಗಳಿಗೆ ಬೇಯಿಸಿದ ಮೊಟ್ಟೆ ಕೊಡಿ ಎಂಬ ಸಲಹೆ ಹಕ್ಕಿ ಸಾಕುವವರಲ್ಲಿ ಸಾಮಾನ್ಯ. ಮೊಟ್ಟೆ ಮನೆಗೆ ತರದವರು ಇದರಿಂದ ಚಿಂತೆಗೊಳಗಾಗಬೇಕಿಲ್ಲ. ಹಕ್ಕಿಗೆ ಬೇಕಾದದ್ದು ಸುಲಭವಾಗಿ ಜೀರ್ಣವಾಗುವ ಸಸಾರಜನಕ. ರಾತ್ರಿ ನೆನೆಸಿ, ಬೆಳಿಗ್ಗೆ ಚೆನ್ನಾಗಿ ತೊಳೆದ ನವಣೆ, ಮೆತ್ತಗೆ ಬೇಯಿಸಿ ಹಿಚುಕಿದ ಹೆಸರುಬೇಳೆ, ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು ಅಥವಾ ಕೊತ್ತಂಬರಿ ಸೊಪ್ಪು ಆ ಕೆಲಸ ಮಾಡುತ್ತವೆ. ನೆನೆದ ಕಾಳು ಮತ್ತು ಬೇಳೆಯನ್ನು ಎರಡು ಗಂಟೆಯ ಮೇಲೆ ಬಟ್ಟಲಿನಲ್ಲಿ ಬಿಡಬಾರದು, ಬೂಷ್ಟು ಹಿಡಿಯುತ್ತದೆ. ಸುಣ್ಣದ ಅಂಶಕ್ಕೆ ಕಡಲ ಜೀವಿಯ ಚಿಪ್ಪಿನ ಬದಲು ಖನಿಜದ ಅಚ್ಚು ಸಿಗುತ್ತದೆ; ವೈದ್ಯರು ಕ್ಯಾಲ್ಸಿಯಂ ದ್ರಾವಣವನ್ನೂ ಬರೆದುಕೊಡುತ್ತಾರೆ. ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ, ಚಹಾ, ಉಪ್ಪು ಹಾಕಿದ ತಿನಿಸು ಇವು ಹಕ್ಕಿಗೆ ವಿಷಕ್ಕೆ ಸಮಾನ.

ಔಷಧವನ್ನು ಏಕೆ ಮನೆಯವರು ಕೊಡಬಾರದು

ಅರವತ್ತು ಕಿಲೋ ತೂಗುವ ಮನುಷ್ಯನಿಗೂ ಹನ್ನೆರಡು ಗ್ರಾಂ ಫಿಂಚ್‌ಗೂ ತೂಕದಲ್ಲಿ 5000 ಪಟ್ಟು ವ್ಯತ್ಯಾಸವಿದೆ. ನಮ್ಮ ಮಾತ್ರೆಯ ಚೂರನ್ನು ಕಣ್ಣಳತೆಯಲ್ಲಿ ಪುಡಿಮಾಡಿ ಕೊಡುವುದು ಎಷ್ಟು ಅಪಾಯ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಒಂದು ಹಕ್ಕಿಯ ಔಷಧ ಇನ್ನೊಂದಕ್ಕೆ ಆಗುತ್ತದೆ ಎಂದೂ ಭಾವಿಸಬಾರದು. ಬೆಳವ, ಪಾರಿವಾಳಗಳ ಗಂಟಲು ರೋಗಕ್ಕೆ ಬಳಸುವ ಕೆಲವು ಔಷಧಗಳು ಫಿಂಚ್‌ಗಳಿಗೆ ನಂಜಾಗುತ್ತವೆ. ನೀರಿನಲ್ಲಿ ಪ್ರತಿಜೀವಕ ಬೆರೆಸಿಡುವ ರೂಢಿಯೂ ಸರಿಯಲ್ಲ: ಕಾಯಿಲೆಯ ಹಕ್ಕಿ ನೀರನ್ನೇ ಕಡಿಮೆ ಕುಡಿಯುತ್ತದೆ, ಕಹಿಯಾದರೆ ಅದನ್ನೂ ಬಿಡುತ್ತದೆ.

ಸಾಮಾನ್ಯವಾಗಿ ಕಾಣುವ ರೋಗಗಳು

*ಫಿಂಚ್‌ಗಳಲ್ಲಿ:* ಶ್ವಾಸನಾಳಕ್ಕೆ ನುಸಿ ಸೇರಿದರೆ ಹಾಡು ನಿಂತು, ಉಸಿರಿನಲ್ಲಿ ಟಿಕ್ ಎಂಬ ಸದ್ದು ಬರುತ್ತದೆ. ಹೊಟ್ಟೆಯ ಶಿಲೀಂಧ್ರ ಮತ್ತು ಕರುಳಿನ ಪರೋಪಜೀವಿಗಳಿಂದ, ಹಕ್ಕಿ ತಿನ್ನುತ್ತಿದ್ದರೂ ಸೊರಗುತ್ತದೆ. ಹೆಣ್ಣು ಹಕ್ಕಿ ಪುಕ್ಕ ಉಬ್ಬಿಸಿ ನೆಲದಲ್ಲಿ ಕುಳಿತು ಮುಕ್ಕಿರಿಯುತ್ತಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಅದಕ್ಕೆ ಬಿಸುಪು ಮತ್ತು ತೇವದ ಗಾಳಿ ಕೊಡುತ್ತಾ ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕು. ಹೊಟ್ಟೆ ಒತ್ತಿದರೆ ಮೊಟ್ಟೆ ಒಳಗೇ ಒಡೆದು ಜೀವ ಹೋಗುತ್ತದೆ.

*ಬೆಳವಗಳಲ್ಲಿ:* ಬಾಯಿಯೊಳಗೆ ಗಿಣ್ಣಿನಂತಹ ಹಳದಿ ಗಂಟು, ದುರ್ವಾಸನೆ, ನುಂಗಲು ಕಷ್ಟ ಕಂಡರೆ ಅದು ಕ್ಯಾಂಕರ್ ಎಂಬ ರೋಗವಾಗಿರಬಹುದು. ಸೂಕ್ಷ್ಮಜೀವಿಯೊಂದರಿಂದ ಬರುವ ಇದು ಒಂದೇ ಬಟ್ಟಲಿನ ನೀರಿನಿಂದಲೂ, ತಾಯಿ ಗುಟುಕು ಕೊಡುವುದರಿಂದಲೂ ಹರಡುತ್ತದೆ. ಗಂಟನ್ನು ಕೀಳಬಾರದು, ರಕ್ತ ಹರಿಯುತ್ತದೆ. ಸಕಾಲದಲ್ಲಿ ಔಷಧ ಸಿಕ್ಕರೆ ಗುಣವಾಗುವ ರೋಗವಿದು. ಕೊಕ್ಕು, ಕಣ್ಣು, ಕಾಲಿನ ಸುತ್ತ ಗುಳ್ಳೆಗಳೆದ್ದರೆ ಅದು ಸೊಳ್ಳೆಯಿಂದ ಹರಡುವ ಸಿಡುಬು. ಪಂಜರಕ್ಕೆ ಸೊಳ್ಳೆಪರದೆ ಕಟ್ಟುವುದೇ ತಡೆ. ಕತ್ತು ತಿರುಚಿಕೊಂಡು ಕಾಳಿಗೆ ಗುರಿ ತಪ್ಪುತ್ತಿದ್ದರೆ ಅದು ನರಗಳ ವೈರಾಣು ರೋಗವಾಗಿರಬಹುದು. ಕಾಳನ್ನು ಆಳದ ಬಟ್ಟಲಿನಲ್ಲಿ ತುಂಬಿಟ್ಟು ವಾರಗಟ್ಟಲೆ ತಾಳ್ಮೆಯಿಂದ ನೋಡಿಕೊಂಡ ಹಲವು ಹಕ್ಕಿಗಳು ಚೇತರಿಸಿಕೊಳ್ಳುತ್ತವೆ.

ನುಸಿಗೆ ಔಷಧ ಹಾಕಿದರೆ ಆ ಜೀವಿಗಳ ಗತಿ ಏನು ಎಂಬ ಪ್ರಶ್ನೆ ನಮ್ಮ ಓದುಗರಲ್ಲಿ ಏಳುವುದು ಸಹಜ. ನುಸಿ ಹುಟ್ಟುವುದಕ್ಕೆ ಎಡೆಯಾಗದಂತೆ ನೋಡಿಕೊಳ್ಳುವುದೇ ಇದಕ್ಕೆ ಮೊದಲ ಉತ್ತರ. ದಿನವೂ ಕಾಗದ ಬದಲಿಸುವುದು, ಕಡ್ಡಿಗಳನ್ನು ಬಿಸಿಲಿನಲ್ಲಿ ಒಣಗಿಸುವುದು, ಹೊಸ ಹಕ್ಕಿಯನ್ನು 30 ದಿನವಾದರೂ ಬೇರೆ ಇಡುವುದು ಇವು ಗೃಹಸ್ಥನಿಂದ ಸಾಧ್ಯವಾದ ಯತ್ನಾಚಾರ.

ಒಂದು ಗಂಟೆಯೂ ತಡಮಾಡಬಾರದ ಸಂದರ್ಭಗಳು

ಬೆಕ್ಕು ಬಾಯಿ ಹಾಕಿದ ಹಕ್ಕಿಯ ಮೈಮೇಲೆ ಸೂಜಿಮೊನೆಯಷ್ಟು ಗಾಯವಿದ್ದರೂ ಬೆಕ್ಕಿನ ಬಾಯಿಯ ರೋಗಾಣುಗಳು ರಕ್ತ ಸೇರಿ ಒಂದೆರಡು ದಿನಗಳಲ್ಲಿ ಕೊಲ್ಲುತ್ತವೆ. ಪ್ರತಿಜೀವಕ ಅಂದೇ ಬೇಕು. ಫ್ಯಾನಿಗೆ ಬಡಿದ ಹಕ್ಕಿಗೆ ಹೊರಗೆ ಗಾಯ ಕಾಣದಿದ್ದರೂ ಒಳಪೆಟ್ಟಾಗಿರುತ್ತದೆ. ಫಿಂಚ್‌ನ ಇಡೀ ಮೈಯಲ್ಲಿರುವುದು 1 ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚು ರಕ್ತ ಮಾತ್ರ. ಕೆಲವೇ ಹನಿ ಹೋದರೂ ಅಪಾಯ. ಉಗುರು ಮುರಿದು ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಬೇಕು. ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಹೊಗೆ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು. ಧೂಪ, ಊದಿನಕಡ್ಡಿ, ಕರ್ಪೂರ, ಸೊಳ್ಳೆಬತ್ತಿಯ ಹೊಗೆಯೂ ಹಾನಿಕರ. ಪಂಜರವನ್ನು ಅಡುಗೆಮನೆ ಮತ್ತು ದೇವರಮನೆಯಿಂದ ದೂರವಿಡಬೇಕು.

ವೈದ್ಯರಲ್ಲಿಗೆ ಹೋಗುವಾಗ ಚಿಕ್ಕ ಕತ್ತಲ ಪೆಟ್ಟಿಗೆಯಲ್ಲಿ ಒಯ್ಯಬೇಕು. ಹಿಕ್ಕೆ ಬಿದ್ದ ಕಾಗದ ಮತ್ತು ಮೊಬೈಲಿನಲ್ಲಿ ತೆಗೆದ ಉಸಿರಾಟದ ವಿಡಿಯೊ ಜೊತೆಗಿರಲಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಹಕ್ಕಿಗಳ ಅನುಭವವಿಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದ ಆವರಣದಲ್ಲಿರುವ ಧರ್ಮಾರ್ಥ ಪಕ್ಷಿ ಆಸ್ಪತ್ರೆಯ ಹೆಸರು ಎಲ್ಲರಿಗೂ ಗೊತ್ತು. ಜೈನ ಸಮಾಜ 1929ರಲ್ಲಿ ಆರಂಭಿಸಿದ ಆ ಸೇವೆ ಇಂದಿಗೂ ಉಚಿತವಾಗಿ ನಡೆಯುತ್ತಿದೆ. ನಮ್ಮ ಊರುಗಳಲ್ಲಿ ಅಂತಹ ಆಸ್ಪತ್ರೆ ಇಲ್ಲದಿದ್ದರೂ, ಹಕ್ಕಿ ನೋಡುವ ವೈದ್ಯರ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಕಾಯಿಲೆ ಬರುವ ಮೊದಲೇ ಬರೆದಿಟ್ಟುಕೊಳ್ಳುವುದು ಪ್ರತಿ ಮನೆಗೂ ಸಾಧ್ಯ.

ಹಾರಿಬಿಡುವುದು ಅಭಯದಾನವೇ?

ಹಕ್ಕಿ ಕಾಯಿಲೆ ಬಿದ್ದಾಗ ‘ಪಂಜರದಲ್ಲಿ ಏಕೆ ಸಾಯಬೇಕು, ಹಾರಿಬಿಡೋಣ’ ಎನ್ನುವವರಿದ್ದಾರೆ. ಪರ್ವದ ದಿನ ಅಂಗಡಿಯಿಂದ ಹಕ್ಕಿ ಕೊಂಡು ಬಿಡುವವರೂ ಇದ್ದಾರೆ. ಭಾವನೆ ಒಳ್ಳೆಯದೇ, ಆದರೆ ಫಲ ಬೇರೆ. ಬೆಂಗಾಲಿ ಫಿಂಚ್ ಮನುಷ್ಯರ ಕೈಯಲ್ಲೇ ರೂಪುಗೊಂಡ ತಳಿ. ಯಾವ ಕಾಡೂ ಅದರ ಮನೆಯಲ್ಲ. ಜೀಬ್ರಾ ಫಿಂಚ್, ಡೈಮಂಡ್ ಡವ್‌ಗಳ ನೆಲ ಆಸ್ಟ್ರೇಲಿಯಾ. ಮೇವು ಹುಡುಕಲು, ಕಾಗೆ ಗಿಡುಗಗಳಿಂದ ತಪ್ಪಿಸಿಕೊಳ್ಳಲು ಕಲಿಯದ ಇವು ಆರೋಗ್ಯವಾಗಿದ್ದರೂ ಹೊರಗೆ ಹೆಚ್ಚು ದಿನ ಉಳಿಯುವುದಿಲ್ಲ. ಕಾಯಿಲೆಯ ಹಕ್ಕಿ ತನ್ನ ರೋಗವನ್ನು ಊರಿನ ಬೆಳವ, ಪಾರಿವಾಳಗಳಿಗೂ ಹಂಚುತ್ತದೆ. ಬಿಡುವುದಕ್ಕಾಗಿ ಕೊಂಡರೆ, ಮಾರುವವನು ನಾಳೆ ಇನ್ನಷ್ಟು ಹಕ್ಕಿಗಳನ್ನು ತರುತ್ತಾನೆ. ಸಾಕಿದ ಹಕ್ಕಿಗೆ ನಾವು ಕೊಡಬಹುದಾದ ಅಭಯವೆಂದರೆ ಅದರ ಆಯುಷ್ಯ ಇರುವವರೆಗೂ ನಡೆಸುವ ಆರೈಕೆ. ಅಷ್ಟು ಹೊಣೆ ಹೊರಲಾಗದವರು ಹಕ್ಕಿ ಕೊಳ್ಳದಿರುವುದೇ ಲೇಸು.

ಗುಣವಾದ ಮೇಲೆ, ಗುಣವಾಗದಿದ್ದರೆ

ಚೇತರಿಸಿಕೊಂಡ ಹಕ್ಕಿಯನ್ನು ಒಮ್ಮೆಗೇ ಹೊರಗಿಡಬಾರದು. ದಿನಕ್ಕೆ ಎರಡು ಮೂರು ಡಿಗ್ರಿಯಂತೆ ಬಿಸುಪು ಇಳಿಸಿ, ತೂಕ ಮೊದಲಿನಂತಾದ ಮೇಲೆ ಗುಂಪಿಗೆ ಸೇರಿಸಬೇಕು. ಔಷಧವನ್ನು ವೈದ್ಯರು ಹೇಳಿದ ಕೊನೆಯ ದಿನದವರೆಗೂ ಕೊಡಬೇಕು.

ಮನೆಯವರ ಆರೋಗ್ಯವೂ ಮುಖ್ಯ. ಹಕ್ಕಿಗಳ ಕೆಲವು ರೋಗಗಳು, ಅದರಲ್ಲೂ ಬೆಳವ ಪಾರಿವಾಳಗಳ ಒಣಹಿಕ್ಕೆಯ ಧೂಳು, ನಮ್ಮ ಶ್ವಾಸಕೋಶಕ್ಕೂ ತೊಂದರೆ ಕೊಡುತ್ತವೆ. ಪಂಜರ ಸ್ವಚ್ಛಗೊಳಿಸುವ ಮೊದಲು ನೀರು ಚಿಮುಕಿಸಿ, ಮುಖಕ್ಕೆ ಮಾಸ್ಕ್ ಕಟ್ಟಿ, ಆಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಈ ಕೆಲಸ ಮಾಡದಿರುವುದು ಒಳ್ಳೆಯದು. ಹಕ್ಕಿ ಕಾಯಿಲೆಯಲ್ಲಿದ್ದಾಗ ಮನೆಯಲ್ಲಿ ಯಾರಿಗಾದರೂ ಜ್ವರ, ಒಣಕೆಮ್ಮು ಬಂದರೆ ವೈದ್ಯರಿಗೆ ಹಕ್ಕಿಯ ವಿಷಯವನ್ನೂ ತಿಳಿಸಬೇಕು.

ಎಲ್ಲ ಮಾಡಿದರೂ ಕೆಲವು ಹಕ್ಕಿಗಳು ಉಳಿಯುವುದಿಲ್ಲ. ಆಗಲೂ ಬೆಚ್ಚಗಿನ, ಸದ್ದಿಲ್ಲದ, ಬೆಕ್ಕು ನಾಯಿಗಳ ಭಯವಿಲ್ಲದ ಜಾಗ ಅದಕ್ಕೆ ಸಿಕ್ಕಿರುತ್ತದೆ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟದೆ, ಕಾಗದದಲ್ಲಿ ಸುತ್ತಿ ಆಳವಾಗಿ ಹೂಳಬೇಕು. ಒಂದರ ಹಿಂದೆ ಒಂದು ಹಕ್ಕಿ ಸಾಯುತ್ತಿದ್ದರೆ ಹೂಳುವ ಮೊದಲು ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಕಾರಣ ತಿಳಿದರೆ ಉಳಿದವುಗಳನ್ನು ಉಳಿಸಬಹುದು.